ಏರುದಾರಿಯಲ್ಲಿ ಕಳಚಿದ ಕಾರು

"ಓಪಲ್, ಒಂದು ಮಾತು ನಿಜ ಹೇಳು. ನನ್ನ ಗಂಡನ್ನ ನಾನೇ ಕೊಂದುಬಿಟ್ನಾ?"

ಐಡೆಲ್ಲಾ ಟ್ಯಾಕೆಟ್ ಬಾಗಿಲಲ್ಲೇ ನಿಂತು ಹೀಗೆ ಕೇಳಿದಾಗ ನಾನು ಓಪಲ್ ಬರ್ಡಿಕ್‌ಳ ಮೋಟರ್‌ಹೋಮಿನಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದೆ. ಹೊರಗೆ ಬೆಳಗಿನಿಂದ ಗಾಳಿ ಬಿಟ್ಟಿರಲಿಲ್ಲ. ಕಿಟಕಿಯ ಗಾಜಿನ ಮೇಲೆ ಮರಳು ಉಗುರಿನಿಂದ ಕೆರೆದಂತೆ ಸದ್ದು ಮಾಡುತ್ತಿತ್ತು. ವರ್ಲನ್ ಟ್ಯಾಕೆಟ್ ಸತ್ತಾಗಿನಿಂದ ಕಾಪರ್ ವಾಶ್ ಶಿಬಿರದಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅವನ ಹೆಂಡತಿ ಎದುರು ಬಂದರೆ ಜನ ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದರು. ನಾನೂ ಒಮ್ಮೆ ಹಾಗೆ ಮಾಡಿದ್ದೆ.

"ಮೊದಲು ಒಳಗೆ ಬಾರೇ," ಎಂದಳು ಓಪಲ್. "ಗಾಳಿಗೆ ನಿಂತ್ಕೊಂಡು ಕೇಳೋ ಪ್ರಶ್ನೆ ಅಲ್ಲ ಅದು."

ನಾನು ಲೈಲ್ ಹ್ಯಾನಿಮನ್. ಶಾಲೆಯ ಮಕ್ಕಳಿಗೆ ಬ್ಯಾಂಡ್ ಕಲಿಸಿ, ಅರ್ಧ ಕಿವುಡನಾಗಿ ನಿವೃತ್ತಿ ಪಡೆದವನು. ಚಳಿಗಾಲ ಬಂತೆಂದರೆ ಅರಿಜೋನಾದ ಈ ಮರಳುಗಾಡಿಗೆ ಬಂದು ಓಪಲ್‌ಳ ಪಕ್ಕದ ಜಾಗದಲ್ಲೇ ಬೀಡು ಬಿಡುತ್ತೇನೆ. ಇಲ್ಲಿಗೆ ಬರುವ ಹೆಚ್ಚಿನವರಿಗೆ ಮೋಟರ್‌ಹೋಮ್ ಎಂಬ ಈ ಬಸ್ಸಿನಂಥ ಗಾಡಿ ಬಿಟ್ಟರೆ ಬೇರೆ ಮನೆಯಿಲ್ಲ. ಒಲೆ, ಹಾಸಿಗೆ, ಸತ್ತವರ ಫೋಟೋ ಎಲ್ಲವೂ ಅದರೊಳಗೇ. ಪೇಟೆಗೆ ಹೋಗಿಬರಲು ಒಂದು ಪುಟ್ಟ ಕಾರನ್ನು ಎರಡು ತೋಳಿನ ಕಬ್ಬಿಣದ ಕಂಬಿಯಿಂದ ಹಿಂದೆ ಕಟ್ಟಿಕೊಂಡು, ತೋಳಿಗೊಂದು ಪಿನ್ನು ಹಾಕಿ, ಮೇಲೆ ಸರಪಳಿ ಬಿಗಿದು ಎಳೆದು ತರುತ್ತೇವೆ. ಅದಕ್ಕೆ ನಾವು ಬಾಲ ಎನ್ನುತ್ತೇವೆ.

ಓಪಲ್ ಅಯೋವಾದಲ್ಲಿ ಸುಟ್ಟ ಮನೆಗಳ ಬೂದಿ ಕೆದಕಿ, ಬೆಂಕಿ ಯಾರು ಹಚ್ಚಿದರು ಎಂದು ಹೇಳುವ ಸರಕಾರಿ ಕೆಲಸದಲ್ಲಿದ್ದಳು. ನಿವೃತ್ತಳಾದರೂ ಆ ಚಾಳಿ ಹೋಗಿರಲಿಲ್ಲ. ಶಿಬಿರದಲ್ಲಿ ಯಾರದಾದರೂ ಕೋಳಿ ಸಾರು ಮಾಯವಾದರೂ ಜನ ಇವಳ ಬಾಗಿಲಿಗೇ ಬರುತ್ತಿದ್ದರು.

ಐಡೆಲ್ಲಾ ಕೈಗೆ ಕೊಟ್ಟ ಕಾಫಿಯನ್ನು ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ಹೇಳಿದಳು.

"ವರ್ಲನ್‌ಗೆ ಮಂಡಿ ನೋವು, ಬಗ್ಗೋಕಾಗಲ್ಲ. ಅದಕ್ಕೇ ಕಾರು ಕಟ್ಟೋದು ಯಾವಾಗ್ಲೂ ನಾನೇ. ಅವತ್ತೂ ನಾನೇ ಕಟ್ಟಿದ್ದು. ಏರು ಶುರುವಾಗೋ ಕಡೆ ನಿಲ್ಲಿಸಿ ಒಂದು ಸುತ್ತು ನೋಡ್ಕೊಂಡು ಬರ್ತೀನಿ ಅಂತ ಅವನು ಇಳಿದ. ನಾನು ಒಳಗೆ ಕಾಫಿ ಬಿಸಿಗಿಟ್ಟೆ. ಇಂಜಿನ್ ಓಡ್ತಾನೇ ಇತ್ತು. ದಡ್ ಅಂತ ಶಬ್ದ ಆಯ್ತು. ಇಳಿದು ನೋಡಿದ್ರೆ ಕಾರು ಹಿಂದಕ್ಕೆ ಉರುಳಿ ಬಂಡೆಗೆ ಒರಗಿ ನಿಂತಿದೆ. ಅದರ ಕೆಳಗೆ ಅವನು." ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. "ಕಂಬಿಯ ಎಡಗಡೆ ಪಿನ್ನು ಇಲ್ಲಿ ನಮ್ಮ ಜಾಗದಲ್ಲೇ ಬಿದ್ದಿತ್ತಂತೆ. ಅಂದ್ರೆ ನಾನು ಅದನ್ನ ಹಾಕೇ ಇಲ್ಲ. ಹಾಕಿದ ಹಾಗೆ ನೆನಪಿದೆ, ಓಪಲ್. ನನ್ನ ಬೆರಳಿಗೇ ನೆನಪಿದೆ. ಆದ್ರೆ ಆ ನೆನಪು ಅವತ್ತಿಂದೋ ಹಿಂದಿನ ಸಲದ್ದೋ, ಯಾರು ಹೇಳ್ತಾರೆ?"

ನಾನು ನೆಲ ನೋಡಿದೆ. ಆ ಪಿನ್ನು ಸಿಕ್ಕಿದ್ದು ನನಗೇ. ಸುದ್ದಿ ಬಂದು ಎಲ್ಲರೂ ದಿಕ್ಕು ತೋಚದೆ ನಿಂತಿದ್ದಾಗ ಅವರ ಖಾಲಿ ಜಾಗದ ಜಲ್ಲಿಯ ಮೇಲೆ ಅದು ಹೊಳೆಯುತ್ತಿತ್ತು. ನಾನೇ ಹೆಕ್ಕಿ ಶೆರಿಫ್ ಕಚೇರಿಯಿಂದ ಬಂದ ಪೊಲೀಸ್ ಡೆಪ್ಯುಟಿಗೆ ಕೊಟ್ಟೆ.

"ಜೈಲಿಗೆ ಹಾಕ್ತಾರೋ ಬಿಡ್ತಾರೋ ನನಗೆ ಅದರ ಚಿಂತೆ ಇಲ್ಲ," ಎಂದಳು ಐಡೆಲ್ಲಾ. "ನನಗೆ ಗೊತ್ತಾಗ್ಬೇಕು, ಅಷ್ಟೇ. ಗೊತ್ತಾಗದೆ ನಾನು ಬದುಕೋದು ಹೇಗೆ?"

ಓಪಲ್ ಸಮಾಧಾನದ ಮಾತೇನೂ ಆಡಲಿಲ್ಲ. ಅವಳ ಗುಣವೇ ಅದು. ಇಲ್ಲದ್ದನ್ನು ಹೇಳಿ ಸಂತೈಸುವವಳಲ್ಲ. "ನಾನು ಹೋಗಿ ನೋಡ್ತೀನಿ. ಗೊತ್ತಾದದ್ದು ಒಳ್ಳೇದೋ ಕೆಟ್ಟದ್ದೋ, ನಿನಗೆ ಹೇಳ್ತೀನಿ. ಆಗಬಹುದಾ?" ಎಂದಳು. ಐಡೆಲ್ಲಾ ತಲೆಯಾಡಿಸಿದಳು.

"ಇನ್ನೊಂದು. ವರ್ಲನ್ ಅವತ್ತು ಹೇಗಿದ್ದ?"

"ಒಂದು ವಾರದಿಂದ ಸರಿ ಇರ್ಲಿಲ್ಲ. ನಿದ್ದೆ ಇಲ್ಲ, ಊಟ ಇಲ್ಲ. ಹೊರಡುವಾಗ 'ಮೇಲಿನ ಊರು ಮುಟ್ಟಿದ ಮೇಲೆ ಶೆರಿಫ್ ಕಚೇರಿಗೆ ಹೋಗೋದಿದೆ' ಅಂದ. ಯಾಕೆ ಅಂದೆ. 'ಆ ಲೆಟ್ಯೂಸ್ ಸೊಪ್ಪಿನ ಹೊಲದ ಹುಡುಗೀಗೂ ಒಬ್ಬಳು ತಾಯಿ ಇದ್ದಾಳೆ' ಅಂದ. ಅಷ್ಟೇ, ಮತ್ತೆ ಬಾಯಿ ಬಿಡ್ಲಿಲ್ಲ."

ಆ ಹುಡುಗಿಯ ವಿಷಯ ನಮಗೆಲ್ಲ ಗೊತ್ತಿತ್ತು. ಮಾರಿಸೆಲಾ ಓಚೋವಾ. ಹಿಂದಿನ ಚಳಿಗಾಲದಲ್ಲಿ ಬೆಳಗಿನ ಮಬ್ಬಿನಲ್ಲಿ ಹೊಲದ ಕೆಲಸಕ್ಕೆ ನಡೆದು ಹೋಗುತ್ತಿದ್ದವಳನ್ನು ಯಾವುದೋ ದೊಡ್ಡ ಗಾಡಿ ಹೊಡೆದು ಹಾಗೇ ಹೋಗಿತ್ತು. ಗಾಡಿ ಯಾರದೆಂದು ಗೊತ್ತಾಗಲೇ ಇಲ್ಲ.

ಐಡೆಲ್ಲಾ ಹೋದ ಮೇಲೆ ಓಪಲ್ ನನ್ನ ಕಡೆ ತಿರುಗಿದಳು. "ಅವರು ಹೊರಡುವಾಗ ನೀನು ಅಲ್ಲಿದ್ದೆ ಅಲ್ವಾ? ಏನೂ ಬಿಡದೆ ಹೇಳು. ನಿನ್ನ ಸಂಗೀತ ಸೇರಿಸ್ಬೇಡ."

ನಮ್ಮಲ್ಲಿ ಒಂದು ರೂಢಿಯಿದೆ. ಯಾರಾದರೂ ಹೊರಟರೆ ನೆರೆಯವನೊಬ್ಬ ಕಾರಿನ ಹಿಂದೆ ನಿಂತು ದೀಪ ನೋಡುತ್ತಾನೆ. ಮೋಟರ್‌ಹೋಮಿನಲ್ಲಿ ಬ್ರೇಕು ಒತ್ತಿದರೆ ಬಾಲದ ಕಾರಿನಲ್ಲೂ ಕೆಂಪು ಬೆಳಗಬೇಕು. ತಿರುಗುವ ದೀಪ ಎಡಕ್ಕೆ ಹಾಕಿದರೆ ಎಡ, ಬಲಕ್ಕೆ ಹಾಕಿದರೆ ಬಲ. ನೋಡಿದವನು ಕೈ ಎತ್ತುವ ತನಕ ಯಾರೂ ಹೊರಡುವುದಿಲ್ಲ. ಅಂದು ಮೊದಲು ನಿಂತವನು ಕಾರ್ವಿನ್ ಸ್ಲೆಟನ್. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿ ಮೋಟರ್‌ಹೋಮ್ ಓಡಿಸುತ್ತಿದ್ದ ಮುದುಕ. ಟ್ಯಾಕೆಟ್ ದಂಪತಿಗಳ ಹಿಂದೆಯೇ ಹೊರಡುವವನಿದ್ದ. "ಎಲ್ಲ ಸರಿ ಇದೆ" ಎಂದು ಅವನು ಕೈ ಎತ್ತಿದ. ನಾನು ಪಕ್ಕದಲ್ಲೇ ಇದ್ದೆ. ಎಡದ ದೀಪ ಸತ್ತು ಬಿದ್ದಿತ್ತು.

"ಏನಯ್ಯಾ ಕಾರ್ವಿನ್, ಎಡದ್ದು ಹತ್ತೇ ಇಲ್ವಲ್ಲ," ಎಂದೆ.

"ಬಿಸಿಲು ಕಣೋ ಫೆರಿಸ್, ಬಿಸಿಲಿಗೆ ಕಾಣಲ್ಲ," ಎಂದ. ನನ್ನನ್ನು ಫೆರಿಸ್ ಎಂದು ಕರೆದದ್ದಕ್ಕೆ ನನಗೆ ಸಿಟ್ಟು ಬಂತು. ನಮ್ಮದೇ ಶಿಬಿರದ ಫೆರಿಸ್ ಮೇಬ್ರಿ ನನಗಿಂತ ಒಂದು ಗೇಣು ಕುಳ್ಳ, ಮೇಲೆ ಬೋಳ. ಅಷ್ಟರಲ್ಲಿ ಐಡೆಲ್ಲಾ ಬಂದು ದೀಪದ ವೈರನ್ನು ಮೋಟರ್‌ಹೋಮಿನ ಗೂಡಿಗೆ ಗಟ್ಟಿಯಾಗಿ ಒತ್ತಿದಳು. ಎಲ್ಲ ದೀಪವೂ ಬೆಳಗಿದವು. ನಾನು ಕೈ ಎತ್ತಿದೆ. ಅವರು ಹೊರಟರು. ಹಿಂದೆ ಕಾರ್ವಿನ್ ಹೊರಟ, ಅವನ ಹಿಂದೆ ಫೆರಿಸ್.

"ಫೆರಿಸ್ ಮತ್ತೆ ವರ್ಲನ್ ಜಗಳ ಆಡಿದ್ರಂತೆ?"

"ನಾಯಿ ವಿಷಯಕ್ಕೆ. 'ನಿನ್ನ ಗಾಡಿ ಹಳ್ಳಕ್ಕೆ ಬೀಳ್ಲಿ' ಅಂತ ಫೆರಿಸ್ ಎಲ್ಲರ ಎದುರು ಕಿರುಚಿದ್ದ."

ಓಪಲ್ ಟೋಪಿ ತೆಗೆದುಕೊಂಡಳು.

ಏರು ಶುರುವಾಗುವ ಆ ಜಾಗಕ್ಕೆ ಅವಳ ಪುಟ್ಟ ಕಾರಿನಲ್ಲಿ ಹೋದೆವು. ಶಿಬಿರದಿಂದ ಅಲ್ಲಿಯ ತನಕ ಮಣ್ಣಿನ ರಸ್ತೆ, ಹಲ್ಲು ಉದುರುವಷ್ಟು ಕುಲುಕಾಟ. ಅಲ್ಲಿ ಫೋನಿನ ಸಿಗ್ನಲ್ ಕೂಡ ಸಿಗುವುದಿಲ್ಲ. ಸುತ್ತ ಕರಿ ಬಂಡೆಗಳು, ಮೇಲೆ ಎರಡು ರಣಹದ್ದು. ಟ್ಯಾಕೆಟ್ಟರ ಮೋಟರ್‌ಹೋಮ್ ಏರಿಗೆ ಮುಖ ಮಾಡಿ ನಿಂತಿತ್ತು, ಸುತ್ತ ಪೊಲೀಸರ ಹಳದಿ ಪಟ್ಟಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದರ ಹಿಂದೆ ಇಳಿಜಾರಿನಲ್ಲಿ ಬಂಡೆಗೆ ಒರಗಿದ ಪುಟ್ಟ ನೀಲಿ ಕಾರು. ನನಗೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ಡೆಪ್ಯುಟಿ ಇಬಾರಾ ಜೀಪಿಗೆ ಒರಗಿ ನಿಂತಿದ್ದ. ವಯಸ್ಸು ಚಿಕ್ಕದು, ಒಳ್ಳೆಯವನು, ಆದರೆ ಎಂದೂ ಕಾರು ಎಳೆದವನಲ್ಲ.

"ನೋಡಿ ಮೇಡಂ, ಇದರಲ್ಲಿ ಹುಡುಕೋದಕ್ಕೇನಿಲ್ಲ," ಎಂದ. "ಎಡಗಡೆ ಪಿನ್ನು ಶಿಬಿರದಲ್ಲೇ ಬಿಟ್ಟಿದ್ದಾರೆ. ಬಲಗಡೆದು ಕುಲುಕಿ ಕುಲುಕಿ ಇಲ್ಲಿ ಉದುರಿದೆ. ಸರಪಳಿ ಸಿಕ್ಕಿಸಿಲ್ಲ, ವೈರು ಸಿಕ್ಕಿಸಿಲ್ಲ. ಪಾಪ, ವಯಸ್ಸಾಯ್ತು. ಎಲ್ಲಾ ಮರೆತಿದ್ದಾರೆ."

"ಎಲ್ಲಾ ಮರೆತಿದ್ದಾರೆ," ಎಂದು ಓಪಲ್ ಅವನ ಮಾತನ್ನೇ ಮೆಲ್ಲಗೆ ಹೇಳಿದಳು.

ಅವಳು ನೆಲಕ್ಕೆ ಮಂಡಿಯೂರಿ ಕಾರಿನ ಮೂತಿಯನ್ನು ಬಹಳ ಹೊತ್ತು ನೋಡಿದಳು. ಕಂಬಿಯ ಎರಡು ತೋಳುಗಳು ಪಿನ್ನಿನಿಂದ ಸೇರುವ ಕಿವಿಗಳನ್ನು ಬೆರಳಿನಿಂದ ಸವರಿದಳು. ನನಗೂ ಸವರಲು ಹೇಳಿದಳು. ಎರಡೂ ಕಡೆ ಬಣ್ಣ ಹಾಗೇ ಇತ್ತು, ತೂತು ದುಂಡಗೇ ಇತ್ತು. ಮೂತಿಯಲ್ಲಿ ಒಂದು ಪುಟ್ಟ ಕೀಲು ಇರುತ್ತದೆ. ಅದರ ತಂತಿಯ ತುದಿಯನ್ನು ಮೋಟರ್‌ಹೋಮಿಗೆ ಸಿಕ್ಕಿಸುತ್ತೇವೆ. ಕಾರು ಕಳಚಿಕೊಂಡರೆ ತಂತಿ ಕೀಲನ್ನು ಕಿತ್ತು ಕಾರಿನ ಬ್ರೇಕು ತಾನಾಗಿ ಬೀಳುತ್ತದೆ. ಕೀಲು ತನ್ನ ಗೂಡಿನಲ್ಲೇ ಇತ್ತು, ತಂತಿ ಬಿಡಿಯಾಗಿ ನೇತಾಡುತ್ತಿತ್ತು. ಕಾರು ನ್ಯೂಟ್ರಲ್‌ನಲ್ಲಿತ್ತು, ಎಳೆಯುವಾಗ ಇರಬೇಕಾದಂತೆಯೇ. ಕೈಬ್ರೇಕು ಹಾಕಿರಲಿಲ್ಲ. ದೀಪದ ವೈರನ್ನು ಸುರುಳಿ ಸುತ್ತಿ ಕಾರಿನ ಕೊಕ್ಕೆಗೆ ಸಿಕ್ಕಿಸಿತ್ತು, ತುದಿಗೆ ರಬ್ಬರಿನ ಮುಚ್ಚಳ ಹಾಕಿತ್ತು. ಈ ಧೂಳಿನ ಸೀಮೆಯಲ್ಲಿ ವೈರಿನ ತುದಿಗೆ ಮುಚ್ಚಳ ಹಾಕದೆ ಬಿಡುವವರು ಯಾರೂ ಇಲ್ಲ.

ನನ್ನ ಬೆನ್ನಿಗೆ ಚಳಿ ಹಿಡಿದಂತಾಯಿತು, ಆದರೆ ಯಾಕೆಂದು ಆಗ ಹೇಳಲಾಗಲಿಲ್ಲ.

"ಡೆಪ್ಯುಟಿ, ವರ್ಲನ್ ಬಿದ್ದ ಮೇಲೆ ಇಲ್ಲಿ ಯಾರ್ಯಾರಿದ್ರು?"

"ಐಡೆಲ್ಲಾ, ಕಾರ್ವಿನ್ ಸ್ಲೆಟನ್. ಕಾರ್ವಿನ್ ಇವರ ಹಿಂದೇನೇ ಬಂದು ನಿಲ್ಲಿಸಿದ್ರಂತೆ, ತಾನು ಒಳಗೇ ಇದ್ದೆ ಅಂತಾರೆ. ಆಮೇಲೆ ತನ್ನ ಪುಟ್ಟ ಕಾರು ಬಿಚ್ಕೊಂಡು ಶಿಬಿರಕ್ಕೆ ಹೋಗಿ ನಮಗೆ ಫೋನ್ ಮಾಡಿದ್ರು. ಅವರು ಹೊರಡೋ ಹೊತ್ತಿಗೆ ಫೆರಿಸ್ ಮೇಬ್ರಿ ಬಂದ್ರು. ನಾವು ಬರೋ ತನಕ ಫೆರಿಸ್ ಐಡೆಲ್ಲಾ ಅವರ ಜೊತೆ ಇಲ್ಲೇ ಕೂತಿದ್ರು."

"ಬೇರೆ ಯಾರಾದ್ರೂ ಶಿಬಿರಕ್ಕೆ ವಾಪಸ್ ಹೋದ್ರಾ?"

"ಇಲ್ಲ."

ಓಪಲ್ ಎದ್ದು ಮಂಡಿಯ ಧೂಳು ಕೊಡವಿದಳು. ಡೆಪ್ಯುಟಿಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದಳು. ಅವನು ಮೊದಲು ನಕ್ಕ, ಆಮೇಲೆ ನಗಲಿಲ್ಲ.

ಮರಳುವಾಗ ದಾರಿಯುದ್ದಕ್ಕೂ ಅವಳು ಒಂದೇ ಪ್ರಶ್ನೆ ಕೇಳಿದಳು. "ಲೈಲ್, ಕಾರ್ವಿನ್‌ನ ದೊಡ್ಡ ಗಾಡಿಯ ಮುಂದಿನ ಬಲ ಮೂಲೆಯಲ್ಲಿ ಬಿಳಿ ಬಣ್ಣ ಸ್ವಲ್ಪ ಬೇರೆ ಥರ ಇದೆಯಲ್ಲ, ಅದು ಯಾವಾಗಿಂದ?"

"ಹೋದ ವರ್ಷದಿಂದ. ಯಾವುದೋ ಗೇಟಿನ ಕಂಬಕ್ಕೆ ತಗುಲ್ತು ಅಂದಿದ್ದ."

"ಹೂಂ," ಎಂದಳು. ಅಷ್ಟೇ. ಇಂಥ ಹೊತ್ತಿನಲ್ಲಿ ಅವಳ ಬಾಯಿಂದ ಒಂದು ಪದ ಹೊರಡಿಸುವುದಕ್ಕಿಂತ ಕತ್ತೆಗೆ ಕ್ಲಾರಿನೆಟ್ ಕಲಿಸುವುದು ಸುಲಭ.

ಶನಿವಾರ ಬೆಳಿಗ್ಗೆ ನಮ್ಮ ಶಿಬಿರದ ಚಪ್ಪರದಡಿ ಎಲ್ಲರೂ ಸೇರಿ ಪ್ಯಾನ್‌ಕೇಕ್ ತಿನ್ನುವುದು ವಾಡಿಕೆ. ಆ ಶನಿವಾರವೂ ಹಂಚು ಬಿಸಿಯಾಗಿತ್ತು, ಆದರೆ ಯಾರಿಗೂ ಹಸಿವಿರಲಿಲ್ಲ. ಒಂದು ಮೇಜಿನ ಸುತ್ತ ಐಡೆಲ್ಲಾ, ಕಾರ್ವಿನ್, ಫೆರಿಸ್, ನಾನು. ಡೆಪ್ಯುಟಿ ಇಬಾರಾ ಟೋಪಿ ಕೈಯಲ್ಲಿ ಹಿಡಿದು ಕಂಬದ ಬಳಿ ನಿಂತಿದ್ದ. ಫೆರಿಸ್‌ನ ನಾಯಿ ಕೂಡ ಬೊಗಳದೆ ಕಾಲ ಬಳಿ ಮಲಗಿತ್ತು.

"ನನ್ನನ್ನ ಯಾಕೆ ಕರೆದೆ ಅಂತ ಗೊತ್ತು," ಎಂದ ಫೆರಿಸ್. "ನಾಯಿ ವಿಷಯಕ್ಕೆ ಬೈದೆ, ಒಪ್ಕೋತೀನಿ. ಬೈದ ಮಾತಿಗೆ ಯಾರೂ ಸಾಯಲ್ಲ."

"ಸಾಯಲ್ಲ," ಎಂದಳು ಓಪಲ್. "ಸುಮ್ನೆ ಕೂತ್ಕೋ. ಐಡೆಲ್ಲಾ, ನೀನು ಕೇಳಿದ್ದಕ್ಕೆ ಉತ್ತರ ತಂದಿದೀನಿ. ಒಂದೊಂದಾಗಿ ಹೇಳ್ತೀನಿ, ನಡುವೆ ಯಾರೂ ಬಾಯಿ ಹಾಕ್ಬೇಡಿ."

ಅವಳು ಮೇಜಿನ ಮೇಲೆ ಒಂದು ದೀಪದ ವೈರನ್ನು ಇಟ್ಟಳು.

"ಡೆಪ್ಯುಟಿ ಹೇಳಿದ್ದೇನು? ಐಡೆಲ್ಲಾ ಪಿನ್ನು ಮರೆತಳು, ಸರಪಳಿ ಮರೆತಳು, ವೈರು ಮರೆತಳು ಅಂತ. ಪಿನ್ನು, ಸರಪಳಿ ಮರೆತಳು ಅಂತ ಬೇಕಾದ್ರೆ ಹೇಳಬಹುದು, ಯಾರೂ ನೋಡಿಲ್ಲ. ಆದ್ರೆ ವೈರು? ಅವಳು ಅದನ್ನ ಒತ್ತಿದ ಮೇಲೆ ದೀಪ ಹತ್ತಿದ್ದನ್ನ ಲೈಲ್ ಕಣ್ಣಾರೆ ನೋಡಿದಾನೆ. ಹತ್ತಿದ ದೀಪದ ವೈರು, ಏರಿನ ಹತ್ತಿರ ನೋಡಿದ್ರೆ ಸುರುಳಿ ಸುತ್ಕೊಂಡು, ಮುಚ್ಚಳ ಹಾಕ್ಕೊಂಡು ಕೊಕ್ಕೆಗೆ ನೇತಾಡ್ತಿದೆ. ಕಾರು ತಾನಾಗಿ ಕಳಚಿದ್ರೆ ವೈರು ಹರಿಯುತ್ತೆ. ಮುಚ್ಚಳ ಹಾಕ್ಕೊಳ್ಳಲ್ಲ."

ನನಗೆ ಅಂದು ಬೆನ್ನಿಗೆ ಚಳಿ ಹಿಡಿದದ್ದು ಯಾಕೆಂದು ಈಗ ಗೊತ್ತಾಯಿತು. ಕಣ್ಣೆದುರೇ ಇದ್ದದ್ದನ್ನು ನೋಡಿಯೂ ನೋಡದೆ ಬಂದಿದ್ದೆ.

"ಅಂದ್ರೆ ಅಲ್ಲಿ ಒಂದು ಕೈ ಕಾರು ಬಿಚ್ಚಿದೆ," ಎಂದು ಓಪಲ್ ಮುಂದುವರಿಸಿದಳು. "ಯಾರ ಕೈ? ವರ್ಲನ್ ತಾನೇ ಬಿಚ್ಚಿದನಾ? ಮಂಡಿ ಬಗ್ಗದವನು ನೆಲದ ಹತ್ತಿರದ ಪಿನ್ನು ಹೇಗೆ ತೆಗೀತಾನೆ? ತೆಗೆದ ಅಂತಾನೇ ಇಟ್ಕೊಳ್ಳಿ. ಏರಿನಲ್ಲಿ ಕಾರು ಬಿಚ್ಚೋನು ಮೊದಲು ಕೈಬ್ರೇಕು ಎಳೀತಾನೆ. ಇಲ್ಲಿ ಎಳೆದಿಲ್ಲ. ಬಿಚ್ಚಿದವನಿಗೆ ಕಾರು ಉರುಳ್ಬೇಕಾಗಿತ್ತು."

"ಆದ್ರೆ ಪಿನ್ನು ಶಿಬಿರದಲ್ಲಿ ಸಿಕ್ತಲ್ಲ," ಎಂದೆ ನಾನು. ಬಾಯಿ ಹಾಕಬೇಡಿ ಎಂದದ್ದು ಮರೆತೇಹೋಗಿತ್ತು.

"ಅದೇ ಪಿನ್ನೇ ಎಲ್ಲವನ್ನೂ ಹೇಳಿದ್ದು. ಆ ರಸ್ತೆಯಲ್ಲಿ ಒಂದು ಪಿನ್ನಿಲ್ಲದೆ ಕಾರು ಎಳೆದ್ರೆ ಅದು ಸೊಟ್ಟಗೆ ಎಳೆಯುತ್ತೆ. ಒಂದು ಕಿವಿ ಕೆರೆದು ಬಣ್ಣ ಹೋಗ್ಬೇಕು, ಇನ್ನೊಂದರ ತೂತು ಅಗಲ ಆಗ್ಬೇಕು. ಎರಡೂ ಹೊಸದರ ಹಾಗಿವೆ, ನೀನೇ ಸವರಿ ನೋಡಿದೀಯ. ಅಂದ್ರೆ ಏರು ಮುಟ್ಟೋ ತನಕ ಎರಡು ಪಿನ್ನೂ ತಮ್ಮ ಜಾಗದಲ್ಲೇ ಇದ್ವು. ಐಡೆಲ್ಲಾ ಹಾಕಿದ ಪಿನ್ನು ಏರಿನ ತನಕ ಹೋಗಿ, ಅಲ್ಲಿಂದ ಶಿಬಿರಕ್ಕೆ ವಾಪಸ್ ಬಂದಿದೆ. ಪಿನ್ನಿಗೆ ಕಾಲಿಲ್ಲ. ಐಡೆಲ್ಲಾ ಅಲ್ಲೇ ಇದ್ದಳು. ಫೆರಿಸ್ ಅವಳ ಜೊತೆ ಕೂತಿದ್ದ. ಅದು ಲೈಲ್ ಕೈಗೆ ಸಿಗೋ ಮೊದಲು ಅಲ್ಲಿಂದ ಇಲ್ಲಿಗೆ ಬಂದವನು ಒಬ್ಬನೇ."

ಎಲ್ಲರೂ ಕಾರ್ವಿನ್‌ನನ್ನು ನೋಡಿದರು. ಅವನು ಎದುರಿನ ತಟ್ಟೆಯನ್ನು ನೋಡುತ್ತಿದ್ದ. ತಟ್ಟೆಯೂ ಅವನಿಗೆ ಎಷ್ಟು ಕಾಣುತ್ತಿತ್ತೋ.

"ನಾನ್ಯಾಕೆ ವರ್ಲನ್‌ನ ಕೊಲ್ಲಲಿ?" ಎಂದ. "ನನ್ನ ಹೆಂಡತಿ ಸತ್ತಾಗ ಶವಪೆಟ್ಟಿಗೆ ಹೊತ್ತವನು ಅವನು."

"ಎಡದ ದೀಪ ಹತ್ತಿಲ್ಲ ಅನ್ನೋದು ನಿನಗೆ ಕಾಣಲಿಲ್ಲ," ಎಂದಳು ಓಪಲ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. "ಪಕ್ಕದಲ್ಲಿ ನಿಂತ ಲೈಲ್ ಯಾರು ಅಂತ ಕಾಣಲಿಲ್ಲ. ನಿನ್ನ ಕಣ್ಣು ಹೋಗಿ ಬಹಳ ದಿನ ಆಯ್ತು, ಕಾರ್ವಿನ್. ನೀನು ಕಾರು ಕಟ್ಟೋದು ಬಿಚ್ಚೋದು ಎಲ್ಲಾ ಬೆರಳಿನಿಂದಲೇ. ಅದಕ್ಕೇ ಅವತ್ತೂ ನಿನ್ನ ಬೆರಳು ತಾನು ಕಲಿತದ್ದನ್ನೇ ಮಾಡ್ತು. ಕೊಲೆ ಮಾಡ್ತಾ ಇದ್ರೂ ವೈರಿಗೆ ಧೂಳು ಹೋಗದ ಹಾಗೆ ಮುಚ್ಚಳ ಹಾಕ್ತು."

ಡೆಪ್ಯುಟಿ ಇಬಾರಾ ಒಂದು ಹೆಜ್ಜೆ ಮುಂದೆ ಬಂದ. "ಕೋರ್ಟಿನ ಅಪ್ಪಣೆ ತಂದಿದ್ವಿ, ನೀವು ಇಲ್ಲಿಗೆ ತಿನ್ನೋಕೆ ಬಂದ ಮೇಲೆ ನಮ್ಮವರು ನಿಮ್ಮ ಗಾಡಿಯ ಬಲ ಮೂಲೆ ಬಿಚ್ಚಿ ನೋಡಿದ್ರು, ಸರ್. ಮೇಲಿನ ತೇಪೆ ಕೆಳಗೆ ಹಳೇ ಒಡಕಿದೆ. ಒಡಕಿನಲ್ಲಿ ಬಟ್ಟೆಯ ಎಳೆ ಸಿಕ್ಕಿದೆ. ಮಾರಿಸೆಲಾ ಓಚೋವಾ ಅವತ್ತು ಹಾಕ್ಕೊಂಡಿದ್ದ ಜಾಕೆಟ್ಟಿನ ಬಣ್ಣವೇ."

ಫೆರಿಸ್ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

ಕಾರ್ವಿನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಮಾತಾಡಿದಾಗ ದನಿ ಬೇರೆ ಯಾರದೋ ಎನ್ನುವಂತಿತ್ತು.

"ನಾಯಿ ಅಂದ್ಕೊಂಡೆ. ದೇವರಾಣೆ, ನಾಯಿ ಅಂತಾನೇ ಅಂದ್ಕೊಂಡಿದ್ದೆ. ಮಾರನೇ ದಿನ ಪೇಪರಿನಲ್ಲಿ ಬಂತು. ವರ್ಲನ್ ಈ ವರ್ಷ ಆ ತೇಪೆ ನೋಡಿ ಎಲ್ಲಾ ಅರ್ಥ ಮಾಡ್ಕೊಂಡ. 'ಗಾಡಿ ಕೀಲಿ ಕೊಡು, ಶೆರಿಫ್ ಹತ್ರ ನಾನೂ ನಿನ್ನ ಜೊತೆ ಬರ್ತೀನಿ' ಅಂದ. ಕೀಲಿ ಕೊಟ್ಟು ನಾನು ಎಲ್ಲಿಗೆ ಹೋಗ್ಲಿ? ಆ ಗಾಡಿ ಬಿಟ್ಟು ನನಗೆ ಮನೆ ಎಲ್ಲಿದೆ? ಏರಿನ ಹತ್ರ ಮತ್ತೆ ಅದೇ ಮಾತು. ತಳ್ಳಿದೆ. ಅವನ ಕಾರಿನ ಹಿಂದಿನ ಬಂಪರಿಗೆ ತಲೆ ಬಡೀತು."

"ಸತ್ತಿದ್ನಾ?" ಎಂದಳು ಓಪಲ್.

ಅವನು ಬೆರಳಿನಿಂದ ಮೇಜಿನ ಅಂಚು ಸವರಿದ.

"ಕಾರು ಬಿಚ್ಚುವಾಗ ಅವನು ಸತ್ತಿದ್ನಾ, ಕಾರ್ವಿನ್?"

"ಉಸಿರಾಡ್ತಿದ್ದ," ಎಂದ.

ಹಂಚಿನ ಮೇಲೆ ಯಾರೋ ಮರೆತ ಪ್ಯಾನ್‌ಕೇಕ್ ಕರಕಲಾಗಿ ಹೊಗೆಯಾಡುತ್ತಿತ್ತು. ನಾನು ಎದ್ದು ಹೋಗಿ ಒಲೆ ಆರಿಸಿದೆ. ಇವನ ಜೊತೆ ಎಷ್ಟು ಶನಿವಾರ ಇದೇ ಮೇಜಿನಲ್ಲಿ ಕೂತು ತಿಂದಿದ್ದೆನೋ.

ಡೆಪ್ಯುಟಿ ಅವನ ತೋಳು ಹಿಡಿದು ಎಬ್ಬಿಸಿದ. ಆಗ ಐಡೆಲ್ಲಾ ಎದ್ದು ಎದುರಿಗೆ ಬಂದು ನಿಂತಳು. ಅವನು ಅವಳ ಮುಖ ಗುರುತಿಸಲು ಕಣ್ಣು ಕಿರಿದು ಮಾಡಿದ.

"ನೀನು ದಿನಾ ನನ್ನ ಹತ್ರ ಬಂದೆ," ಎಂದಳು. "ಸೂಪು ತಂದೆ. ನನ್ನ ಕೈ ಹಿಡ್ಕೊಂಡು 'ವಯಸ್ಸಾದ್ರೆ ಮರೆವು ಎಲ್ಲರಿಗೂ ಬರುತ್ತೆ ಐಡೆಲ್ಲಾ, ನಿನ್ನನ್ನ ನೀನೇ ಕ್ಷಮಿಸ್ಕೋ' ಅಂದೆ."

ಕಾರ್ವಿನ್ ಮುಖ ತಿರುಗಿಸಿದ.

"ವರ್ಲನ್‌ನ ಕೊಂದದ್ದು ಒಂದು ಕ್ಷಣದ ಭಯ ಅಂತ ಯಾರಾದ್ರೂ ಹೇಳಬಹುದು. ಇದನ್ನ ನೀನು ದಿನಾ ಮಾಡಿದೆ, ಕಾರ್ವಿನ್. ನನ್ನ ಕೈ ಹಿಡ್ಕೊಂಡು ಮಾಡಿದೆ."

ಅವನನ್ನು ಜೀಪಿಗೆ ಹತ್ತಿಸಿದರು. ಜೀಪು ಎಬ್ಬಿಸಿದ ಧೂಳು ಚಪ್ಪರದ ತನಕ ಬಂದು ನಮ್ಮ ತಟ್ಟೆಗಳ ಮೇಲೆ ಕೂತಿತು. ಫೆರಿಸ್ ನಾಯಿಯನ್ನು ಎತ್ತಿಕೊಂಡು ಹೊರಟುಹೋದ.

ಐಡೆಲ್ಲಾ ಬೆಂಚಿನ ಮೇಲೆ ಕುಳಿತಳು. ಓಪಲ್ ಪಕ್ಕದಲ್ಲಿ ಕುಳಿತಳು.

"ನಾನು ಪಿನ್ನು ಹಾಕಿದ್ದೆ," ಎಂದಳು ಐಡೆಲ್ಲಾ.

"ಹಾಕಿದ್ದೆ ಕಣೇ. ಎರಡೂ ಹಾಕಿದ್ದೆ."

ಆಗ ಅವಳು ಮುಖ ಮುಚ್ಚಿಕೊಂಡು ಅಳತೊಡಗಿದಳು. ವರ್ಲನ್ ಸತ್ತ ದಿನ ಅತ್ತಿರಲಿಲ್ಲ, ಹೂಳುವಾಗಲೂ ಅತ್ತಿರಲಿಲ್ಲ. ಕೊಂದವಳು ಅಳಬಾರದು ಎಂದು ತನಗೆ ತಾನೇ ಹೇಳಿಕೊಂಡಿದ್ದಳಂತೆ. ಬಹಳ ದಿನದ ಮೇಲೆ ಓಪಲ್‌ಳಿಗೆ ಹಾಗೆಂದಳು. ನಾವಿಬ್ಬರೂ ಅವಳನ್ನು ಸುಮ್ಮನಿರಿಸಲು ಹೋಗಲಿಲ್ಲ. ಬಿಸಿಲು ಚಪ್ಪರದೊಳಗೆ ಬರುವ ತನಕ ಅವಳು ತನ್ನ ಗಂಡನಿಗಾಗಿ ಅತ್ತಳು.